ಅಣುಯುದ್ಧದ ಸಿನಿಮಾಗಳು: ಯಾವುದನ್ನ ನೋಡೋದು, ಯಾರ ಜೊತೆ ಕೂತು ನೋಡೋದು?

2025ರ ಮೇ ತಿಂಗಳಲ್ಲಿ ದೇಶದ ನೂರಾರು ಜಿಲ್ಲೆಗಳಲ್ಲಿ ಸೈರನ್ ಊದಿ ಅಣಕು ತಾಲೀಮು ಮಾಡುವ ಸುದ್ದಿ ಬಂತಲ್ಲ, ಆ ವಾರ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಸುತ್ತಾಡಿತು. ಬಾಂಬು ಬಿದ್ದರೆ ಕಿಟಕಿಗೆ ಏನು ಅಂಟಿಸಬೇಕು, ಎಷ್ಟು ನೀರು ಹಿಡಿದಿಡಬೇಕು, ಯಾವ ಗೋಡೆ ಪಕ್ಕ ಕೂರಬೇಕು ಅಂತೆಲ್ಲ ಅದರಲ್ಲಿತ್ತು. ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗ ಅದನ್ನು ಓದಿಕೊಂಡು ಸಂಜೆ ನಮ್ಮನೆಗೆ ಬಂದ. "ಅಂಕಲ್, ಅಣುಬಾಂಬ್ ಬಿದ್ರೆ ನಿಜವಾಗ್ಲೂ ಏನಾಗುತ್ತೆ ಅಂತ ಯಾವ ಸಿನಿಮಾದಲ್ಲಿದೆ?" ಅಂತ ಕೇಳಿದ.

ತಕ್ಷಣ ಒಂದು ಹೆಸರು ಹೇಳೋಕೆ ಆಗಲಿಲ್ಲ. ಅವನ ಪ್ರಶ್ನೆಗೆ ಸರಿಯಾದ ಉತ್ತರ ಇರುವ ಸಿನಿಮಾ ನನಗೆ ಗೊತ್ತಿತ್ತು. ಆದರೆ ಅದನ್ನು ಹದಿಮೂರು ವರ್ಷದ ಹುಡುಗನ ಕೈಗೆ ಕೊಡುವ ಹಾಗಿರಲಿಲ್ಲ. ಅದಾದ ಮೇಲೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇದೆ. ಮಾನಸಗಂಗೋತ್ರಿ ಹಾಸ್ಟೆಲಿನ ನಾಲ್ಕು ಜನ ಹುಡುಗರು ಆಗಸ್ಟ್ 6ರ ಹಿರೋಷಿಮಾ ದಿನಕ್ಕೆ ಒಂದು ಸಿನಿಮಾ ಹಾಕಬೇಕು ಅಂತ ಬಂದರು. ಮಂಡ್ಯದಲ್ಲಿರುವ ನಮ್ಮ ದೊಡ್ಡಪ್ಪ, ರಿಟೈರ್ ಆದ ಮೇಷ್ಟ್ರು, 'ಓಪನ್‌ಹೈಮರ್' ನೋಡಿ ಬಂದವರು, "ಬಾಂಬು ಮಾಡಿದವನ ಕತೆ ಆಯ್ತಪ್ಪ, ಬಾಂಬು ಬಿದ್ದೋರ ಕತೆ ಯಾವುದಿದೆ?" ಅಂದರು. ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ, ಆದರೆ ನಾನು ಏನು ನೋಡ್ತಿದ್ದರೂ ಪಕ್ಕದಲ್ಲಿ ಬಂದು ಕೂರ್ತಾರೆ.

ಇಷ್ಟು ಜನಕ್ಕೆ ಒಂದೇ ಸಿನಿಮಾ ಆಗಲ್ಲ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಆರಿಸೋ ಮುಂಚೆ

ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಕ್ಯಾಮೆರಾ ಎಲ್ಲಿ ನಿಂತಿದೆ? ಅಣುಯುದ್ಧದ ಸಿನಿಮಾಗಳಲ್ಲಿ ಎರಡು ಜಾತಿ. ಒಂದರಲ್ಲಿ ಕ್ಯಾಮೆರಾ ಬಟನ್ ಪಕ್ಕ ಇರುತ್ತೆ. ಅಧ್ಯಕ್ಷರು, ಜನರಲ್‌ಗಳು, ದೊಡ್ಡ ಮೇಜು, ಗೋಡೆ ತುಂಬ ನಕ್ಷೆ, ಕೆಂಪು ಫೋನು. ಇನ್ನೊಂದರಲ್ಲಿ ಕ್ಯಾಮೆರಾ ಅಡುಗೆಮನೆಯಲ್ಲಿರುತ್ತೆ. ಹಾಲು ಕಾಯ್ತಿದೆ, ಮಗು ಹೋಮ್‌ವರ್ಕ್ ಮಾಡ್ತಿದೆ, ರೇಡಿಯೋದಲ್ಲಿ ಏನೋ ಹೇಳ್ತಿದ್ದಾರೆ. ಮೊದಲ ಜಾತಿಯ ಸಿನಿಮಾ ನೋಡಿದರೆ ಯುದ್ಧ ಹೇಗೆ ಶುರುವಾಗಬಹುದು ಅಂತ ಅರ್ಥವಾಗುತ್ತೆ. ಎರಡನೆಯದನ್ನು ನೋಡಿದರೆ ಯುದ್ಧ ಅಂದರೆ ಏನು ಅಂತ ಗೊತ್ತಾಗುತ್ತೆ. ಎರಡೂ ಬೇಕು. ಒಂದೇ ಒಂದು ನೋಡೋಕೆ ಟೈಮಿರೋದು ಅಂದರೆ, ಅಡುಗೆಮನೆಯದ್ದನ್ನೇ ನೋಡಿ ಅಂತ ನಾನು ಹೇಳ್ತೀನಿ.

ಎರಡನೆಯದು, ಪಕ್ಕದಲ್ಲಿ ಯಾರು ಕೂತಿರ್ತಾರೆ? ಇದನ್ನು ಜನ ಯೋಚಿಸೋದೇ ಇಲ್ಲ. ಒಬ್ಬರೇ ರಾತ್ರಿ ಹೊತ್ತು ನೋಡೋಕೆ ಆಗದ ಸಿನಿಮಾ ಹತ್ತು ಜನ ಕೂತು ನೋಡಿದರೆ ತಡೆದುಕೊಳ್ಳಬಹುದು. ಹತ್ತು ಜನರ ಮಧ್ಯೆ ಸಪ್ಪೆ ಅನ್ನಿಸೋದು ಅಮ್ಮನ ಜೊತೆ ಕೂತಾಗ ಎದೆಗೆ ನಾಟುತ್ತೆ.

ಮೂರನೆಯದು ನಿಜ ಎಷ್ಟಿದೆ ಅನ್ನೋದು. ಹಿರೋಷಿಮಾ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್, ಅಂದರೆ 15 ಸಾವಿರ ಟನ್ ಸಾಧಾರಣ ಸ್ಫೋಟಕಕ್ಕೆ ಸಮ. ಒಂಬತ್ತು ವರ್ಷ ಕಳೆದು, 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಪರೀಕ್ಷೆ ಮಾಡಿದ್ದು 15 ಮೆಗಾಟನ್. ಅಂದರೆ ಸಾವಿರ ಪಟ್ಟು. ಹಾಗಾಗಿ 1945ರ ಕತೆ ಹೇಳುವ ಸಿನಿಮಾ ಎಷ್ಟೇ ಘೋರವಾಗಿದ್ದರೂ, ಮುಂದೆ ಆಗಬಹುದಾದ ಯುದ್ಧದ ಪೂರ್ತಿ ಚಿತ್ರ ಅದರಲ್ಲಿ ಸಿಗಲ್ಲ. ಹಾಗಂತ ಮುಂದಿನ ಯುದ್ಧ ಊಹಿಸಿ ಮಾಡಿದ ಸಿನಿಮಾದಲ್ಲಿ, ಕಣ್ಣಾರೆ ಕಂಡವರ ಮಾತಿನ ತೂಕ ಸಿಗಲ್ಲ.

ಉಳಿದದ್ದು ಭಾಷೆ, ಸಮಯ, ದುಡ್ಡು. ನಾನು ನೋಡಿದ ಮಟ್ಟಿಗೆ ಇವುಗಳಿಗೆ ಕನ್ನಡ ಸಬ್‌ಟೈಟಲ್ ಸಿಕ್ಕಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಮಾತು ಕಮ್ಮಿ ಇರೋದನ್ನ ಆರಿಸಿ, ಇಲ್ಲಾಂದ್ರೆ ಪಕ್ಕದಲ್ಲಿ ಕೂತು ಹೇಳೋಕೆ ತಯಾರಾಗಿ. ಯಾವ ಒಟಿಟಿಯಲ್ಲಿದೆ ಅನ್ನೋದು ತಿಂಗಳಿಗೊಂದು ಸಲ ಬದಲಾಗುತ್ತೆ. ಅದಕ್ಕೆ ವರ್ಷದ ಚಂದಾ ಕಟ್ಟುವ ಬದಲು, ಒಂದೊಂದೇ ಸಿನಿಮಾ ಬಾಡಿಗೆಗೆ ಸಿಕ್ಕರೆ ಅದು ಅಗ್ಗ.

ಬಟನ್ ಪಕ್ಕ ಕೂತ ಸಿನಿಮಾಗಳು

ಇಲ್ಲಿ ಮೊದಲ ಪೈಪೋಟಿ 1964ರ ಎರಡು ಸಿನಿಮಾಗಳದ್ದು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ 'ಡಾಕ್ಟರ್ ಸ್ಟ್ರೇಂಜ್‌ಲವ್', ಸಿಡ್ನಿ ಲುಮೆಟ್ ಅವರ 'ಫೇಲ್ ಸೇಫ್'. ಎರಡೂ ಕಪ್ಪು ಬಿಳುಪು. ಕತೆಯ ಬೀಜವೂ ಹೆಚ್ಚುಕಮ್ಮಿ ಒಂದೇ. ಅಮೆರಿಕದ ಬಾಂಬರ್ ವಿಮಾನಗಳು ರಷ್ಯಾ ಕಡೆ ಹೊರಟುಬಿಟ್ಟಿವೆ, ವಾಪಸ್ ಕರೆಯೋಕೆ ಆಗ್ತಿಲ್ಲ. ಮೊದಲನೆಯದರಲ್ಲಿ ಒಬ್ಬ ತಲೆಕೆಟ್ಟ ಜನರಲ್ ಕಳಿಸಿರುತ್ತಾನೆ. ಎರಡನೆಯದರಲ್ಲಿ ಯಂತ್ರದ ದೋಷ. ಮೊದಲನೆಯದು ನಗಿಸುತ್ತೆ, ಎರಡನೆಯದರಲ್ಲಿ ನಗುವೇ ಇಲ್ಲ.

ಕ್ಯೂಬ್ರಿಕ್ ಸಿನಿಮಾದಲ್ಲಿ ಒಂದು ದೃಶ್ಯ ಇದೆ. ವಿಮಾನ ವಾಪಸ್ ಕರೆಯುವ ಸಂಕೇತ ಒಬ್ಬ ಅಧಿಕಾರಿಗೆ ಹೊಳೆದಿದೆ. ಅಧ್ಯಕ್ಷರಿಗೆ ಫೋನ್ ಮಾಡಬೇಕು. ಸಿಕ್ಕಿರೋದು ನಾಣ್ಯ ಹಾಕುವ ಫೋನು, ಜೇಬಲ್ಲಿ ಚಿಲ್ಲರೆ ಇಲ್ಲ. ಪಕ್ಕದಲ್ಲಿರುವ ಕೋಕಾಕೋಲಾ ಮಷೀನಿಗೆ ಗುಂಡು ಹೊಡೆದು ಚಿಲ್ಲರೆ ತೆಗಿ ಅಂದರೆ, ಕರ್ನಲ್ ಒಬ್ಬ ಅದು ಕಂಪನಿ ಆಸ್ತಿ ಅಂತ ಹಿಂಜರಿಯುತ್ತಾನೆ. ನಗು ಬರುತ್ತೆ. ಪ್ರಪಂಚದ ಉಳಿವು ಇಷ್ಟು ಸಣ್ಣ ವಿಷಯಕ್ಕೆ ನೇತಾಡ್ತಿದೆ ಅನ್ನೋದು ಆ ನಗುವಿನ ಹಿಂದೆಯೇ ಬರುತ್ತೆ. ಪೀಟರ್ ಸೆಲ್ಲರ್ಸ್ ಮೂರು ಪಾತ್ರ ಮಾಡಿದ್ದಾರೆ. ಒಂದೂವರೆ ಗಂಟೆ ಚೂರು ಮೇಲೆ, ಅಷ್ಟೇ.

'ಫೇಲ್ ಸೇಫ್' ಅದೇ ವರ್ಷ ಜನವರಿಯಲ್ಲಿ ಬಂದ ಕ್ಯೂಬ್ರಿಕ್ ಸಿನಿಮಾದ ಹಿಂದೆ, ಅಕ್ಟೋಬರಿನಲ್ಲಿ ಬಂತು. ನಕ್ಕು ಬಂದ ಜನಕ್ಕೆ ಅದೇ ಕತೆಯನ್ನು ಗಂಭೀರವಾಗಿ ನೋಡೋಕೆ ಮನಸ್ಸಾಗಲಿಲ್ಲ, ಸಿನಿಮಾ ಓಡಲಿಲ್ಲ. ನನಗೆ ಮಾತ್ರ ಇದು ಹೆಚ್ಚು ಹತ್ತಿರ. ಹಿನ್ನೆಲೆ ಸಂಗೀತವೇ ಇಲ್ಲ. ಅಧ್ಯಕ್ಷನ ಪಾತ್ರದ ಹೆನ್ರಿ ಫೋಂಡಾ ಒಂದು ಸಣ್ಣ ಕೋಣೆಯಲ್ಲಿ, ಪಕ್ಕದಲ್ಲಿ ಒಬ್ಬ ದುಭಾಷಿ, ಕೈಯಲ್ಲಿ ಫೋನು. ಬರೀ ಮಾತು. ಕೊನೆಯಲ್ಲಿ ಫೋನಿನೊಳಗಿಂದ ಒಂದು ಸದ್ದು ಬರುತ್ತೆ. ಅದು ಏನು ಅಂತ ಇಲ್ಲಿ ಹೇಳಲ್ಲ. ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾಲೇಜು ಹುಡುಗರು ಗುಂಪಾಗಿ ನೋಡೋದಾದರೆ ಕ್ಯೂಬ್ರಿಕ್. ಚರ್ಚೆ ಮಾಡೋಕೆ, ಒಂದು ಪ್ರಶ್ನೆ ಹಿಡಿದು ಜಗ್ಗೋಕೆ ಲುಮೆಟ್. ಇಂಗ್ಲಿಷ್ ಸಲೀಸಾಗಿ ಬರದವರಿಗೆ ಎರಡೂ ಕಷ್ಟ, ಯಾಕೆಂದರೆ ಎರಡೂ ಮಾತಿನ ಮೇಲೇ ನಿಂತಿವೆ. ಯಂತ್ರದ ತಪ್ಪು ಅನ್ನೋದು ಕಟ್ಟುಕತೆ ಅಂತ ಯಾರಾದರೂ ಅಂದರೆ, 1983ರ ಸೆಪ್ಟೆಂಬರ್ 26ರ ವಿಷಯ ಹೇಳಿ. ಅವತ್ತು ರಾತ್ರಿ ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಕ್ಷಿಪಣಿ ಹೊರಟಿವೆ ಅಂತ ತಪ್ಪು ಎಚ್ಚರಿಕೆ ಕೊಟ್ಟಿತ್ತು. ಡ್ಯೂಟಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬದೆ, ಸುಳ್ಳು ಎಚ್ಚರಿಕೆ ಅಂತ ವರದಿ ಮಾಡಿದರು. ನಿಜವೂ ಅದೇ ಆಗಿತ್ತು.

ಇದೇ ದಾರಿಯಲ್ಲಿ ಹೊಸದು ಬೇಕು, ಬಣ್ಣದಲ್ಲಿ ಬೇಕು ಅನ್ನೋರಿಗೆ ಕ್ಯಾಥ್ರಿನ್ ಬಿಗೆಲೋ ಅವರ 'ಎ ಹೌಸ್ ಆಫ್ ಡೈನಮೈಟ್' ಇದೆ. 2025ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಯಾರು ಹಾರಿಸಿದ್ದು ಅಂತ ಗೊತ್ತಿಲ್ಲದ ಒಂದೇ ಒಂದು ಕ್ಷಿಪಣಿ ಶಿಕಾಗೋ ಕಡೆ ಬರ್ತಿದೆ, ಉಳಿದಿರೋದು ಇಪ್ಪತ್ತು ನಿಮಿಷದ ಒಳಗೆ. ಅದೇ ಸಮಯವನ್ನು ಮೂರು ಸಲ, ಮೂರು ಕಡೆಯಿಂದ ತೋರಿಸುತ್ತಾರೆ. ಮೊದಲ ಸುತ್ತಿಗೆ ಕುರ್ಚಿ ತುದಿಗೆ ಬಂದು ಕೂರ್ತೀರಿ. ಮೂರನೇ ಸುತ್ತಿಗೆ ಬಿಗಿ ಸ್ವಲ್ಪ ಸಡಿಲ ಆಗುತ್ತೆ. ಚಂದಾ ಈಗಾಗಲೇ ಇದ್ದರೆ ಖಂಡಿತ ನೋಡಿ. ಇದೊಂದಕ್ಕೋಸ್ಕರ ಚಂದಾ ಕಟ್ಟೋದಾದರೆ, ಅದಕ್ಕಿಂತ 'ಫೇಲ್ ಸೇಫ್' ಬಾಡಿಗೆಗೆ ತಗೊಳ್ಳೋದು ಮೇಲು.

ಕ್ಯೂಬಾ ಬಿಕ್ಕಟ್ಟಿನ, ಅಂದರೆ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟದ್ದಕ್ಕೆ ಅಣುಯುದ್ಧದ ಅಂಚಿಗೆ ಬಂದ 1962ರ ಅಕ್ಟೋಬರಿನ ಕತೆ ಬೇಕಾದರೆ 2000ದಲ್ಲಿ ಬಂದ 'ಥರ್ಟೀನ್ ಡೇಸ್'. ಪರೀಕ್ಷೆಗೆ ಓದೋ ಮಕ್ಕಳಿಗೆ ಅನುಕೂಲ.

ಹದಿಮೂರರ ಹುಡುಗನಿಗೆ ಈ ಸಾಲಿನಲ್ಲಿ ನಾನು ಧೈರ್ಯವಾಗಿ ಕೊಡುವುದು 'ವಾರ್‌ಗೇಮ್ಸ್'. 1983ರದ್ದು. ಕಂಪ್ಯೂಟರ್ ಗೇಮ್ ಅಂದುಕೊಂಡು ಒಬ್ಬ ಹುಡುಗ ಸೇನೆಯ ಕಂಪ್ಯೂಟರಿನೊಳಗೆ ನುಗ್ಗಿಬಿಡ್ತಾನೆ, ಅದು ನಿಜವಾಗಿ ಯುದ್ಧ ಶುರು ಮಾಡೋಕೆ ಹೊರಡುತ್ತೆ. ನಾವೆಲ್ಲ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಆಡಿದ ಎಕ್ಸು-ಸೊನ್ನೆ ಆಟ ಇದರಲ್ಲಿ ದೊಡ್ಡ ಕೆಲಸ ಮಾಡುತ್ತೆ. ಇಬ್ಬರೂ ಸರಿಯಾಗಿ ಆಡಿದರೆ ಆ ಆಟದಲ್ಲಿ ಯಾರೂ ಗೆಲ್ಲಲ್ಲ, ಅಲ್ವಾ? ಆಗಿನ ಅಮೆರಿಕದ ಅಧ್ಯಕ್ಷ ರೇಗನ್ ಈ ಸಿನಿಮಾ ನೋಡಿ, ಹೀಗೆ ಆಗೋಕೆ ಸಾಧ್ಯಾನಾ ಅಂತ ತಮ್ಮ ಸೇನಾ ಮುಖ್ಯಸ್ಥರನ್ನ ಕೇಳಿದರು. ಆ ಪ್ರಶ್ನೆಯ ಬೆನ್ನಲ್ಲೇ 1984ರಲ್ಲಿ ಕಂಪ್ಯೂಟರ್ ಭದ್ರತೆಯ ಬಗ್ಗೆ ಸರ್ಕಾರದ ಆದೇಶವೇ ಬಂತು.

ಅಡುಗೆಮನೆಯ ಸಿನಿಮಾಗಳು

ಇಲ್ಲಿ ನಿಧಾನವಾಗಿ ಹೇಳ್ತೀನಿ. ಒಂದೇ ವರ್ಷದ ಅಂತರದಲ್ಲಿ ಮೂರು ಸಿನಿಮಾ ಬಂದವು. 1983ರಲ್ಲಿ ಅಮೆರಿಕದ 'ದ ಡೇ ಆಫ್ಟರ್' ಮತ್ತು 'ಟೆಸ್ಟಮೆಂಟ್', 1984ರಲ್ಲಿ ಬ್ರಿಟನ್ನಿನ 'ಥ್ರೆಡ್ಸ್'. ಮೂರಕ್ಕೂ ಕತೆ ಒಂದೇ: ಊರು, ಬಾಂಬು, ಆಮೇಲೆ. ಆದರೆ ಮೂರೂ ಬೇರೆ ಬೇರೆ ಮನುಷ್ಯರಿಗೆ ಮಾಡಿದ್ದು.

'ದ ಡೇ ಆಫ್ಟರ್' ಟಿವಿಗೆ ಮಾಡಿದ ಸಿನಿಮಾ. 1983ರ ನವೆಂಬರ್ 20ರ ರಾತ್ರಿ ಅಮೆರಿಕದಲ್ಲಿ ಸುಮಾರು 10 ಕೋಟಿ ಜನ ಒಟ್ಟಿಗೆ ನೋಡಿದರು. ಕನ್ಸಾಸ್ ಕಡೆಯ ಹೊಲಗಳು, ದನ, ಗೋಧಿ, ಅದರ ನೆಲದಡಿಯಲ್ಲಿ ಕ್ಷಿಪಣಿ. ಒಂದು ಕ್ಷಣ ಮರೆಯೋಕೆ ಆಗಲ್ಲ. ಹಳ್ಳಿ ಮನೆಯ ಹಿಂದಿನಿಂದ ಕ್ಷಿಪಣಿಗಳು ಹೊಗೆ ಉಗುಳ್ತಾ ಮೇಲಕ್ಕೆ ಹೋಗ್ತಿವೆ. ಜನ ಕತ್ತೆತ್ತಿ ನೋಡ್ತಿದ್ದಾರೆ. ನಮ್ಮದು ಅಲ್ಲಿಗೆ ಹೋಯ್ತು ಅಂದರೆ ಅವರದ್ದು ಅರ್ಧ ಗಂಟೆಯಲ್ಲಿ ಇಲ್ಲಿಗೆ ಬರುತ್ತೆ ಅಂತ ಅವರಿಗೆ ಅರ್ಥ ಆಗೋದನ್ನ ನೀವು ಮುಖದಲ್ಲೇ ನೋಡ್ತೀರಿ. ಇನ್ನೊಂದು ಮನೆಯಲ್ಲಿ ರೈತನ ಹೆಂಡತಿ ಹಾಸಿಗೆ ಸರಿ ಮಾಡ್ತಿದ್ದಾಳೆ. ಎಲ್ಲ ನೆಲಮಾಳಿಗೆಗೆ ಇಳೀತಿದ್ದಾರೆ, ಅವಳು ಮಾತ್ರ ಬೆಡ್‌ಶೀಟ್ ಎಳೀತಾನೇ ಇದ್ದಾಳೆ. ಗಂಡ ಎತ್ತಿಕೊಂಡೇ ಹೋಗಬೇಕಾಗುತ್ತೆ, ಅವಳು ಕಿರುಚುತ್ತಾಳೆ.

ಇದನ್ನು ನೋಡಿ ಮನಸ್ಸು ತುಂಬ ಕುಗ್ಗಿತು ಅಂತ ರೇಗನ್ ಡೈರಿಯಲ್ಲಿ ಬರೆದುಕೊಂಡರು. ನಾಲ್ಕು ವರ್ಷದ ನಂತರ, 1987ರಲ್ಲಿ, ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ ಮಧ್ಯಮ ದೂರದ ಕ್ಷಿಪಣಿಗಳನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ಸಿನಿಮಾದಿಂದಲೇ ಒಪ್ಪಂದ ಆಯ್ತು ಅಂತ ನಾನು ಹೇಳಲ್ಲ. ಆದರೆ ಸಹಿ ಹಾಕುವ ಕೈಯ ಮನುಷ್ಯ ಇದನ್ನ ನೋಡಿದ್ದ. ಚಿತ್ರದ ಕೊನೆಯಲ್ಲಿ, ನಿಜವಾದ ಯುದ್ಧ ಇದಕ್ಕಿಂತ ಭೀಕರವಾಗಿರುತ್ತೆ ಅಂತ ಅವರೇ ಬರೆದು ತೋರಿಸುತ್ತಾರೆ. ಟಿವಿ ಮುಂದೆ ಕೂತ ಕುಟುಂಬಕ್ಕೆ ಎಷ್ಟು ತೋರಿಸಬಹುದೋ ಅಷ್ಟಕ್ಕೆ ನಿಲ್ಲಿಸಿದ್ದಾರೆ. ಎರಡು ಗಂಟೆಗೆ ಸ್ವಲ್ಪ ಜಾಸ್ತಿ. ಮೊದಲ ಅರ್ಧ ನಿಧಾನ.

'ಥ್ರೆಡ್ಸ್' ಹಾಗೆ ನಿಲ್ಲಿಸಲ್ಲ. ಬಿಬಿಸಿ ಮಾಡಿದ್ದು, ಬರೆದವರು ಬ್ಯಾರಿ ಹೈನ್ಸ್, ನಿರ್ದೇಶನ ಮಿಕ್ ಜಾಕ್ಸನ್. ಶೆಫೀಲ್ಡ್ ಅನ್ನೋ ಉಕ್ಕಿನ ಊರು. ರೂತ್ ಮತ್ತು ಜಿಮ್ಮಿ ಮದುವೆ ಆಗೋರು, ಮನೆಗೆ ವಾಲ್‌ಪೇಪರ್ ಅಂಟಿಸ್ತಿದ್ದಾರೆ. ಹಿನ್ನೆಲೆಯ ಟಿವಿಯಲ್ಲಿ ಇರಾನ್ ಕಡೆ ಏನೋ ಗಲಾಟೆ ಅಂತ ಸುದ್ದಿ. ಯಾರೂ ತಲೆ ಕೆಡಿಸಿಕೊಳ್ಳಲ್ಲ. ದಿನ ಕಳೆದ ಹಾಗೆ ಸುದ್ದಿಯ ಸದ್ದು ಜಾಸ್ತಿ ಆಗುತ್ತೆ. ಅಂಗಡಿಯಲ್ಲಿ ಸಾಮಾನು ಖಾಲಿ ಆಗುತ್ತೆ. ಮಧ್ಯೆ ಮಧ್ಯೆ ಸಾಕ್ಷ್ಯಚಿತ್ರದ ಹಾಗೆ ಒಂದು ದನಿ ಅಂಕಿ-ಅಂಶ ಹೇಳ್ತಾ ಹೋಗುತ್ತೆ. ಆ ದನಿಗೆ ಯಾವ ಭಾವನೆಯೂ ಇಲ್ಲ, ಅದೇ ಹೆಚ್ಚು ಹೆದರಿಸುತ್ತೆ.

ಬಾಂಬು ಬಿದ್ದ ಮೇಲೆ ಬೇರೆ ಸಿನಿಮಾಗಳು ವಾರ, ತಿಂಗಳಿಗೆ ಮುಗಿಯುತ್ತವೆ. ಇದು ಹದಿಮೂರು ವರ್ಷ ಮುಂದಕ್ಕೆ ಹೋಗುತ್ತೆ. ಹೊಗೆ ಮಸಿ ಸೂರ್ಯನನ್ನ ಮುಚ್ಚಿ ಬೆಳೆ ಕೆಡುತ್ತೆ ಅನ್ನುವ ಅಣು ಚಳಿಗಾಲದ ಲೆಕ್ಕವನ್ನು ವಿಜ್ಞಾನಿ ಕಾರ್ಲ್ ಸೇಗನ್ ಮತ್ತವರ ಜೊತೆಯವರು ಪ್ರಕಟಿಸಿದ್ದು 1983ರಲ್ಲಿ. ಮರುವರ್ಷವೇ ಈ ಸಿನಿಮಾ ಅದನ್ನು ತೋರಿಸಿಬಿಟ್ಟಿತು.

ದೊಡ್ಡಪ್ಪನ ಜೊತೆ ಮಂಡ್ಯದ ಅವರ ಮನೆಯಲ್ಲಿ ಕೂತು ಇದನ್ನು ನೋಡಿದೆ. ಸುಟ್ಟ ಊರು, ಆಸ್ಪತ್ರೆ, ಎಲ್ಲ ಸುಮ್ನೆ ನೋಡ್ತಾ ಇದ್ದರು. ಆಮೇಲೆ ಹೊಲದ ದೃಶ್ಯ ಬಂತು. ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲ. ಮಬ್ಬು ಬೆಳಕಲ್ಲಿ ಚಿಂದಿ ಸುತ್ತಿಕೊಂಡ ಜನ ಕೈಯಲ್ಲೇ ನೆಲ ಕೆರೀತಿದ್ದಾರೆ. ದೊಡ್ಡಪ್ಪ ಮುಂದಕ್ಕೆ ಬಾಗಿ ಕೂತರು. "ಬಿತ್ತನೆ ಬೀಜ ಎಲ್ಲಿಂದ ತರ್ತಾರೋ? ಇದ್ದಿದ್ದನ್ನ ಹಸಿವಿಗೆ ತಿಂದಿರ್ತಾರಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾಲೇಲಿ ನೀರು ಬಂದ್ರೂ ಮುಟ್ಟೋ ಹಾಗಿರಲ್ಲ" ಅಂದರು. ವಿಶ್ವೇಶ್ವರಯ್ಯ ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆದ ಮನುಷ್ಯ ಅವರು. ಬಾಂಬಿಗಿಂತ ಆ ಹೊಲ ಅವರನ್ನ ಅಲ್ಲಾಡಿಸಿತು. ಬೇಸಾಯ ಗೊತ್ತಿರುವ ಯಾರಿಗೆ ಬೇಕಾದರೂ ಈ ಸಿನಿಮಾದ ಎರಡನೇ ಅರ್ಧ ಮಾತಿಲ್ಲದೆ ಅರ್ಥ ಆಗುತ್ತೆ. ಅಲ್ಲಿ ಹೆಚ್ಚು ಮಾತೂ ಇಲ್ಲ. ಯುದ್ಧದ ನಂತರ ಹುಟ್ಟಿದ ಮಕ್ಕಳಿಗೆ ಸರಿಯಾಗಿ ಮಾತೇ ಬರಲ್ಲ.

ಆದರೆ ಎಚ್ಚರ. ಇದು ತುಂಬ ಕಠಿಣ. ಬಸುರಿ ಹೆಂಗಸರು, ಈಚೆಗೆ ಮನೆಯಲ್ಲಿ ಸಾವಾದವರು, ಮಕ್ಕಳು, ಇವರಿಗೆಲ್ಲ ಬೇಡ. ಹೆರಿಗೆಯ ಒಂದು ದೃಶ್ಯ, ಕೊನೆಯ ಒಂದು ದೃಶ್ಯ ಮನಸ್ಸಿನಿಂದ ಹೋಗೋಕೆ ದಿನಗಳೇ ಹಿಡಿಯುತ್ತೆ. ಹಗಲು ಹೊತ್ತಿನಲ್ಲಿ ನೋಡಿ. ನೋಡಿದ ಮೇಲೆ ಒಂದು ಸುತ್ತು ಹೊರಗೆ ನಡೆದು ಬನ್ನಿ. 112 ನಿಮಿಷ.

ಮೈಸೂರಿನವರು ಇದನ್ನು ನೋಡಬೇಕು ಅನ್ನೋಕೆ ಇನ್ನೊಂದು ಕಾರಣ ಇದೆ. ಶೆಫೀಲ್ಡಿನ ಜನಕ್ಕೆ ತಮ್ಮ ಊರು ನಕ್ಷೆಯಲ್ಲಿ ಗುರಿಯಾಗಿ ಗುರುತಾಗಿದೆ ಅನ್ನೋದು ಮೈಮೇಲೆ ಬರೋ ತನಕ ಹೊಳೆಯಲ್ಲ. ನಾವು ಅರಮನೆ, ದಸರಾ, ಮೈಸೂರು ಪಾಕು ಅಂತ ಹೇಳಿಕೊಳ್ತೀವಿ. ಇಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಯುರೇನಿಯಂ ಸಂವರ್ಧನೆಯ (ಅಣು ಇಂಧನಕ್ಕೆ ಬೇಕಾದ ಹಾಗೆ ಯುರೇನಿಯಂ ಹದ ಮಾಡುವ) ಘಟಕ ಇದೆ ಅನ್ನೋದು ಆ ದಾರಿಯಲ್ಲಿ ದಿನಾ ಓಡಾಡುವವರಿಗೂ ನೆನಪಿರಲ್ಲ. ಹೆದರಿಸೋಕೆ ಹೇಳ್ತಿಲ್ಲ. ಈ ಕತೆಗಳು ದೂರದವರದ್ದು ಅನ್ನಿಸಿದಾಗ ನಾನು ಇದನ್ನ ನೆನಪು ಮಾಡಿಕೊಳ್ತೀನಿ.

ಇನ್ನು 'ಟೆಸ್ಟಮೆಂಟ್'. ಲಿನ್ ಲಿಟ್‌ಮನ್ ನಿರ್ದೇಶಿಸಿದ್ದು, ತೊಂಬತ್ತು ನಿಮಿಷ. ಇದರಲ್ಲಿ ಸ್ಫೋಟವೇ ಕಾಣಲ್ಲ. ಟಿವಿ ನಿಲ್ಲುತ್ತೆ, ಕಿಟಕಿಯಲ್ಲಿ ಒಂದು ಬಿಳಿ ಬೆಳಕು, ಅಷ್ಟೇ. ಕ್ಯಾಲಿಫೋರ್ನಿಯಾದ ಸಣ್ಣ ಊರು, ಒಬ್ಬ ತಾಯಿ, ಮೂರು ಮಕ್ಕಳು, ಕೆಲಸಕ್ಕೆ ಹೋದ ಗಂಡ ವಾಪಸ್ ಬಂದಿಲ್ಲ. ಮನೆ ಬಿದ್ದಿಲ್ಲ, ಮರ ಸುಟ್ಟಿಲ್ಲ. ಒಬ್ಬೊಬ್ಬರೇ ಕಾಯಿಲೆ ಬೀಳ್ತಾರೆ. ತಾಯಿಯ ಪಾತ್ರ ಮಾಡಿದ ಜೇನ್ ಅಲೆಕ್ಸಾಂಡರ್ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು.

ಅಮ್ಮನಿಗೆ ಪಕ್ಕದಲ್ಲಿ ಕೂತು ಹೇಳ್ತಾ ಹೋದೆ. ಅರ್ಧಕ್ಕೆ ಬಂದ ಮೇಲೆ, "ನೀನು ಸುಮ್ನಿರು, ನಂಗೆ ಅರ್ಥ ಆಗ್ತಿದೆ" ಅಂದರು. ತಾಯಿ ಒಂದು ಬಟ್ಟೆ ಹಿಡಿದು ಹೊಲೀತಿರುವ ದೃಶ್ಯ ಬಂದಾಗ, ಅದು ಏನು ಅಂತ ನಾನು ಹೇಳೋ ಮುಂಚೆಯೇ ಅಮ್ಮ ಕಣ್ಣು ಒರೆಸಿಕೊಂಡರು. ಇದರಲ್ಲಿ ವಿಜ್ಞಾನದ ಲೆಕ್ಕ ಕಮ್ಮಿ, ಯುದ್ಧ ಯಾಕೆ ಆಯ್ತು ಅಂತಲೂ ಹೇಳಲ್ಲ. ಅದೆಲ್ಲ ಬೇಕಾದವರಿಗೆ ಇದು ಸಾಲಲ್ಲ. ಮನೆಯವರೆಲ್ಲ ಕೂತು ನೋಡೋಕೆ, ರಕ್ತ-ಗಾಯ ನೋಡಲಾರದವರಿಗೆ, ಈ ಮೂರರಲ್ಲಿ ಇದೇ ಸರಿ. ಆದರೆ ಹಗುರ ಅಂದುಕೊಳ್ಳಬೇಡಿ.

ಇದರ ಪಕ್ಕದಲ್ಲೇ ಇಡಬೇಕಾದ್ದು 1986ರ 'ವೆನ್ ದ ವಿಂಡ್ ಬ್ಲೋಸ್'. ರೇಮಂಡ್ ಬ್ರಿಗ್ಸ್ ಅವರ, ಚಿತ್ರಗಳಲ್ಲಿ ಕತೆ ಹೇಳುವ ಪುಸ್ತಕದಿಂದ ಮಾಡಿದ ಅನಿಮೇಷನ್. ವಯಸ್ಸಾದ ಗಂಡ-ಹೆಂಡತಿ, ಜಿಮ್ ಮತ್ತು ಹಿಲ್ಡಾ. ಸರ್ಕಾರದ ಕೈಪಿಡಿ ತಂದು, ಅದರಲ್ಲಿ ಹೇಳಿದ ಹಾಗೆ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿ, ದಿಂಬು ಜೋಡಿಸಿ, ಕಿಟಕಿಗೆ ಬಿಳಿ ಬಣ್ಣ ಬಳಿಯುತ್ತಾರೆ. ಬ್ರಿಟನ್ ಸರ್ಕಾರ 1980ರಲ್ಲಿ ಅಂಥ ಕೈಪಿಡಿಯನ್ನು ನಿಜವಾಗಿಯೂ ಮಾರಾಟಕ್ಕೆ ಇಟ್ಟಿತ್ತು. ಇನ್ನು ಮೂರೇ ನಿಮಿಷ ಅಂತ ರೇಡಿಯೋ ಹೇಳುವಾಗ ಹಿಲ್ಡಾಗೆ ಒಲೆಯಲ್ಲಿರುವ ಕೇಕಿನ ಚಿಂತೆ. ನಮ್ಮ ಮನೆಗಳಲ್ಲೂ ಹಾಗೇ ಆಗುತ್ತೆ. ಸೈರನ್ ಕೂಗಿದರೆ ಮೊದಲು ಗ್ಯಾಸ್ ಆಫ್ ಮಾಡೋಕೆ ಓಡೋದು ಅಮ್ಮಂದಿರೇ. ಕೈಪಿಡಿಯ ಮೇಲೆ ಅವರಿಬ್ಬರಿಗಿರುವ ನಂಬಿಕೆ ಕೊನೆಯವರೆಗೂ ಹೋಗಲ್ಲ. ಹನ್ನೆರಡು-ಹದಿಮೂರು ವರ್ಷದ ಮೇಲಿನ ಮಕ್ಕಳು ದೊಡ್ಡವರ ಜೊತೆ ಕೂತು ನೋಡಬಹುದು.

ತುಂಬ ಕಮ್ಮಿ ಸಮಯ ಇರೋರಿಗೆ ಪೀಟರ್ ವಾಟ್ಕಿನ್ಸ್ ಅವರ 'ದ ವಾರ್ ಗೇಮ್' ಇದೆ. ಐವತ್ತು ನಿಮಿಷವೂ ಇಲ್ಲ. ಮೇಲೆ ಹೇಳಿದ 'ವಾರ್‌ಗೇಮ್ಸ್' ಬೇರೆ, ಹೆಸರು ಗೊಂದಲ ಮಾಡಿಕೊಳ್ಳಬೇಡಿ. 1965ರಲ್ಲಿ ಬಿಬಿಸಿಗೇ ಮಾಡಿದ್ದು. ಬಿಬಿಸಿ ಅದನ್ನು ಟಿವಿಯಲ್ಲಿ ಹಾಕದೆ ತಡೆದಿಟ್ಟಿತು. ಬ್ರಿಟನ್ನಿನ ಟಿವಿಯಲ್ಲಿ ಬಂದದ್ದು 1985ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅದಕ್ಕೆ ಸಾಕ್ಷ್ಯಚಿತ್ರದ ಆಸ್ಕರ್ ಬಂದಿತ್ತು. ನಡೆಯದೇ ಇರುವ ಘಟನೆಯ ಸಾಕ್ಷ್ಯಚಿತ್ರಕ್ಕೆ! ಕ್ಯಾಮೆರಾ ಅಲುಗಾಡುತ್ತೆ, ಜನ ನೇರವಾಗಿ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾರೆ.

1959ರ 'ಆನ್ ದ ಬೀಚ್' ಹಳೇ ಕಾಲದ ಮಂದಗತಿಯ ಸಿನಿಮಾ ಇಷ್ಟ ಇರೋರಿಗೆ. ಗ್ರೆಗರಿ ಪೆಕ್, ಏವಾ ಗಾರ್ಡ್ನರ್. ಮೆಲ್ಬರ್ನಿನಲ್ಲಿ ಉಳಿದ ಜನ ವಿಕಿರಣದ ಗಾಳಿ ಬರೋದನ್ನ ಕಾಯ್ತಿದ್ದಾರೆ. ಒಂದು ಹೆಣವೂ ಕಾಣಲ್ಲ. ವಿಜ್ಞಾನದ ಲೆಕ್ಕದಲ್ಲಿ ಹೀಗೇ ಆಗೋದು ಕಷ್ಟ, ಆದರೆ ಕಾಯುವ ಬೇಗುದಿ ಚೆನ್ನಾಗಿ ಬಂದಿದೆ.

ಬಾಂಬು ಬಿದ್ದ ದೇಶದ ಸಿನಿಮಾಗಳು

ಮೇಲಿನವೆಲ್ಲ ಬಾಂಬು ಬೀಳದ ದೇಶದವರು ಊಹಿಸಿ ಮಾಡಿದ್ದು. ಜಪಾನಿನವರಿಗೆ ಊಹಿಸಬೇಕಾದ ಅಗತ್ಯವೇ ಇರಲಿಲ್ಲ. ದೊಡ್ಡಪ್ಪನ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

1983ರ 'ಬೇರ್‌ಫುಟ್ ಗೆನ್' ಕೇಜಿ ನಕಜಾವಾ ಅವರ ಬದುಕಿನಿಂದಲೇ ಬಂದದ್ದು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅವರಿಗೆ ಆರು ವರ್ಷ, ಹಿರೋಷಿಮಾದಲ್ಲೇ ಇದ್ದರು. ಅಪ್ಪ, ಅಕ್ಕ, ತಮ್ಮ ಆ ದಿನವೇ ಹೋದರು. ಸಿನಿಮಾದಲ್ಲಿ ಕುಸಿದ ಮನೆಯಡಿ ಸಿಕ್ಕಿಕೊಂಡ ಅವರನ್ನು ಬಿಟ್ಟು, ಬೆಂಕಿ ಹತ್ತಿರ ಬರ್ತಿದ್ದ ಹಾಗೆ ತಾಯಿ ಮತ್ತು ಗೆನ್ ಓಡಬೇಕಾಗುತ್ತೆ. ಅನಿಮೇಷನ್ ಅನ್ನೋ ಕಾರಣಕ್ಕೆ ಕಾರ್ಟೂನ್ ಅಂತ ಮಕ್ಕಳಿಗೆ ಹಾಕಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಂಬು ಬೀಳುವ ಕೆಲವು ನಿಮಿಷ ಈ ಪಟ್ಟಿಯಲ್ಲೇ ಅತ್ಯಂತ ಘೋರ. ಮಕ್ಕಳಿಗೆ ಹಿರೋಷಿಮಾ ಪರಿಚಯ ಮಾಡಿಸಬೇಕು ಅಂದರೆ 2016ರ 'ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್' ಮೃದುವಾದದ್ದು. ಕುರೆ ಅನ್ನೋ ಬಂದರು ಊರಿಗೆ ಸೊಸೆಯಾಗಿ ಬಂದ ಹುಡುಗಿಯ ಕತೆ. ರೇಷನ್ ಅಕ್ಕಿ ಸಾಲದೆ ಹೇಗೆ ಅಡುಗೆ ಮಾಡ್ತಾಳೆ ಅನ್ನೋದೇ ಅರ್ಧ ಸಿನಿಮಾ.

ನಮ್ಮ ಕಡೆಯವರಿಗೆ ನಾನು ಒತ್ತಿ ಹೇಳುವುದು 1989ರ 'ಬ್ಲ್ಯಾಕ್ ರೇನ್', ಶೋಹೆ ಇಮಾಮುರಾ ಅವರದ್ದು. ಅದೇ ವರ್ಷ ಅದೇ ಹೆಸರಿನ ಅಮೆರಿಕನ್ ಪೊಲೀಸ್ ಸಿನಿಮಾ ಒಂದಿದೆ, ಹುಡುಕುವಾಗ ನೋಡಿಕೊಳ್ಳಿ. ಬಾಂಬು ಬಿದ್ದ ದಿನ ಯಾಸುಕೋ ಎಂಬ ಹುಡುಗಿಯ ಮುಖದ ಮೇಲೆ ಬಾಂಬಿನ ವಿಕಿರಣ, ಮಸಿ ಬೆರೆತ ಕಪ್ಪು ಮಳೆಹನಿ ಬಿದ್ದಿದೆ. ಐದು ವರ್ಷ ಆಗಿದೆ, ಈಗ ಹಳ್ಳಿಯಲ್ಲಿ ಚಿಕ್ಕಪ್ಪ-ಚಿಕ್ಕಮ್ಮ ಅವಳಿಗೆ ಗಂಡು ಹುಡುಕ್ತಿದ್ದಾರೆ. ನೋಡೋಕೆ ಬಂದವರಿಗೆಲ್ಲ ಅವಳು ಅವತ್ತು ಊರಲ್ಲಿ ಇದ್ದಳಂತೆ ಅನ್ನುವ ಸುದ್ದಿ ತಲುಪಿಬಿಡುತ್ತೆ, ಸಂಬಂಧ ಮುರಿದು ಬೀಳುತ್ತೆ. ಅವಳಿಗೆ ಏನೂ ಆಗಿಲ್ಲ ಅಂತ ತೋರಿಸೋಕೆ ಚಿಕ್ಕಪ್ಪ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸುತ್ತಾನೆ, ಆವತ್ತಿನ ಡೈರಿ ನಕಲು ಮಾಡುತ್ತಾನೆ. ಜಾತಕ ಹಿಡಿದು ಮನೆ ಮನೆ ತಿರುಗಿದವರಿಗೆ ಈ ಚಿಕ್ಕಪ್ಪ ಯಾರು ಅಂತ ವಿವರಿಸಿ ಹೇಳಬೇಕಾಗಿಲ್ಲ. ಸಿನಿಮಾ ನಿಧಾನ. ಸ್ಫೋಟ ನೋಡೋಕೆ ಬಂದವರಿಗೆ ಬೇಸರ ಬರಬಹುದು. ನಲವತ್ತು ದಾಟಿದವರು ಇದನ್ನೇ ಮೊದಲು ನೋಡಲಿ.

ಅಕಿರಾ ಕುರೊಸಾವಾ 1955ರಲ್ಲಿ ಮಾಡಿದ 'ಐ ಲಿವ್ ಇನ್ ಫಿಯರ್' ಕೂಡ ಅಂಥದ್ದೇ. ಬಾಂಬಿಗೆ ಹೆದರಿದ ಮುದುಕ ಎಲ್ಲ ಮಾರಿ ಸಂಸಾರ ಸಮೇತ ಬ್ರೆಜಿಲ್‌ಗೆ ಹೋಗೋಣ ಅಂತಾನೆ. ಆಸ್ತಿ ಹೋಗುತ್ತಲ್ಲ ಅಂತ ಮಕ್ಕಳು ಅವನಿಗೆ ತಲೆ ಸರಿಯಿಲ್ಲ ಎಂದು ಕೋರ್ಟಿಗೆ ಹೋಗ್ತಾರೆ. ಮುದುಕನಾಗಿ ನಟಿಸಿದ ತೋಶಿರೋ ಮಿಫುನೆಗೆ ಆಗ ಬರೀ 35 ವರ್ಷ.

ನಮ್ಮ ದೇಶದ ಮಾತು ಬಂದರೆ ಆಯ್ಕೆ ಕಮ್ಮಿ. 2018ರ 'ಪರಮಾಣು' 1998ರ ಪೋಖ್ರಾನ್ ಪರೀಕ್ಷೆಯ ಸಾಹಸದ ಕತೆ. ಹಿಂದಿ ಬರುವ ಯಾರಾದರೂ ಸಲೀಸಾಗಿ ನೋಡಬಹುದು. ಆದರೆ ಅದು ಪರೀಕ್ಷೆ ಯಶಸ್ವಿಯಾದಲ್ಲಿಗೆ ಮುಗಿಯುತ್ತೆ. ಅದೇ ಪರೀಕ್ಷೆಯ ಇನ್ನೊಂದು ಮಗ್ಗುಲು ಆನಂದ್ ಪಟವರ್ಧನ್ ಅವರ 2002ರ ಸಾಕ್ಷ್ಯಚಿತ್ರ 'ಜಂಗ್ ಔರ್ ಅಮನ್'ನಲ್ಲಿದೆ. ಭಾರತ, ಪಾಕಿಸ್ತಾನ, ಜಪಾನ್ ಎಲ್ಲ ಕಡೆ ಹೋಗಿ ಜನರನ್ನು ಮಾತಾಡಿಸಿದ್ದಾರೆ. ಸೆನ್ಸಾರ್ ಮಂಡಳಿ ಹಲವು ಕಡೆ ಕತ್ತರಿ ಹಾಕಬೇಕು ಅಂದಿತ್ತು, ಕೋರ್ಟಿನಲ್ಲಿ ಹೋರಾಡಿ ಹಾಗೇ ಬಿಡುಗಡೆ ಮಾಡಿಸಿದರು. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಒಂದನ್ನು ಮಾತ್ರ ನೋಡಿದರೆ ಅರ್ಧ ಕತೆ.

'ಓಪನ್‌ಹೈಮರ್' ಬಗ್ಗೆ ಜಾಸ್ತಿ ಹೇಳೋದಿಲ್ಲ, ಬಹಳ ಜನ ನೋಡಿದ್ದೀರಿ. ಮೂರು ಗಂಟೆ. ಹಿರೋಷಿಮಾ ಅದರಲ್ಲಿ ಕಾಣಲ್ಲ, ಅವನ ಮುಖ ಮಾತ್ರ ಕಾಣುತ್ತೆ. ದೊಡ್ಡ ಪರದೆಗೆ ಮತ್ತೆ ಬಂದರೆ ಥಿಯೇಟರಿನಲ್ಲೇ ನೋಡಿ, ಫೋನಿನಲ್ಲಿ ಅದರ ಅರ್ಧ ಜೀವ ಹೋಗುತ್ತೆ. 'ಬ್ಲ್ಯಾಕ್ ರೇನ್' ಅದರ ಮರುದಿನ ನೋಡಿದರೆ ಎರಡೂ ಸೇರಿ ಒಂದು ಪೂರ್ತಿ ಕತೆ ಆಗುತ್ತೆ.

ಯಾರು ಯಾವುದನ್ನ ಆರಿಸಿದರು

ಹಾಸ್ಟೆಲಿನ ಹುಡುಗರು ಮೊದಲು 'ಥ್ರೆಡ್ಸ್' ಹಾಕೋಣ ಅಂದರು. ಎಲ್ಲರೂ ಒಂದೇ ಸಮ ತಡೆದುಕೊಳ್ಳಲ್ಲ, ಬಾಗಿಲು ಮುಚ್ಚಿದ ಹಾಲ್‌ನಲ್ಲಿ ಗೊತ್ತಿಲ್ಲದ ಜನಕ್ಕೆ ಅದನ್ನು ತೋರಿಸೋದು ಸರಿಯಲ್ಲ ಅಂದೆ. ಕೊನೆಗೆ 'ದ ವಾರ್ ಗೇಮ್' ಅಂತ ಆಯ್ತು. ಮುಕ್ಕಾಲು ಗಂಟೆ ಸಿನಿಮಾ, ಒಂದು ಗಂಟೆ ಮಾತು. ನೀವೂ ಹೀಗೆ ಸಾರ್ವಜನಿಕವಾಗಿ ಹಾಕೋದಾದರೆ ಒಂದು ಮಾತು ನೆನಪಿರಲಿ. ಮನೆಯ ಒಟಿಟಿ ಚಂದಾ ಹತ್ತಾರು ಜನಕ್ಕೆ ತೋರಿಸೋಕೆ ಅನುಮತಿ ಅಲ್ಲ. ಹಕ್ಕು ಇರುವವರಿಗೆ ಮುಂಚೆಯೇ ಬರೆದು ಕೇಳಬೇಕು, ಉತ್ತರ ಬರೋಕೆ ವಾರಗಳು ಹಿಡಿಯಬಹುದು.

ಒಬ್ಬರೇ ನೋಡೋರು, ಗಟ್ಟಿ ಮನಸ್ಸಿನವರು, ಒಂದೇ ಒಂದು ಸಿನಿಮಾ ಅನ್ನೋರು 'ಥ್ರೆಡ್ಸ್' ನೋಡಿ. ಮನೆಮಂದಿ ಜೊತೆ ಅಂದರೆ 'ಟೆಸ್ಟಮೆಂಟ್'. ರಾಜಕೀಯ, ಸೇನೆ ಆಸಕ್ತಿ ಇದ್ದರೆ 'ಫೇಲ್ ಸೇಫ್'. ದೊಡ್ಡಪ್ಪ 'ಥ್ರೆಡ್ಸ್' ಆದ ಮೇಲೆ ಒಂದು ತಿಂಗಳು ಬಿಟ್ಟು 'ಬ್ಲ್ಯಾಕ್ ರೇನ್' ನೋಡಿದರು, ಈಗ ಅದನ್ನೇ ಎಲ್ಲರಿಗೂ ಹೇಳ್ತಿದ್ದಾರೆ.

ಎದುರು ಮನೆ ಹುಡುಗ ಮೊದಲು 'ವಾರ್‌ಗೇಮ್ಸ್' ನೋಡಿದ. ಚೆನ್ನಾಗಿದೆ, ಆದರೆ ನಾನು ಕೇಳಿದ್ದು ಇದಲ್ಲ ಅಂದ. ಅದೂ ಸರಿ. ಮುಂದಿನ ಭಾನುವಾರ ಅವರಪ್ಪ ಅಮ್ಮನನ್ನೂ ಕೂರಿಸಿಕೊಂಡು 'ವೆನ್ ದ ವಿಂಡ್ ಬ್ಲೋಸ್' ಹಾಕಿದೆ. ಜಿಮ್ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸುವ ದೃಶ್ಯದಲ್ಲಿ ಅವನು ಪಾಸ್ ಮಾಡಿ ಅಂತ ಕೇಳಿದ. ಅಪ್ಪನ ಫೋನ್ ತಗೊಂಡು ಆ ವಾಟ್ಸಾಪ್ ಮೆಸೇಜು ಹುಡುಕಿ ತೆಗೆದ. ಒಂದೊಂದೇ ಸಾಲು ಓದಿ ಪರದೆ ಕಡೆ ನೋಡ್ತಾ, ಕಿಟಕಿ, ನೀರು, ಗೋಡೆ ಅಂತ ಬೆರಳು ಮಡಚಿದ. ಆಮೇಲೆ ಫೋನು ಕೆಳಗಿಟ್ಟು, "ಸರಿ ಅಂಕಲ್, ಹಾಕಿ" ಅಂದ.